ನಿಮಗಿದು ಗೊತ್ತೇ? ಎರಡು ಸಲ ಹುಟ್ಟಿದ ಊರಲ್ಲಿ ಮೂರು ದಿನ

ಊರು ಬ್ಯೂನಸ್ ಐರಿಸ್. ಅರ್ಜೆಂಟೀನಾದ ರಾಜಧಾನಿ. ಬೆಂಗಳೂರಿನಿಂದ ಹೆಚ್ಚುಕಡಿಮೆ 15 ಸಾವಿರ ಕಿಲೋಮೀಟರ್ ದೂರ. ನಗರದೊಳಗೇ 31 ಲಕ್ಷ ಜನ. ಸುತ್ತಲ ಉಪನಗರಗಳನ್ನು ಸೇರಿಸಿದರೆ ಕೋಟಿ ದಾಟುತ್ತದೆ. ನಿಮ್ಮ ಕೈಯಲ್ಲಿರುವುದು ಮೂರೇ ದಿನ. ಇಷ್ಟು ದೊಡ್ಡ ಊರನ್ನು ನೋಡಿ ಮುಗಿಸುವುದು ಹೇಗೆ? ಮುಗಿಸಬೇಡಿ ಬಿಡಿ. ವಿಚಿತ್ರವಾದದ್ದನ್ನಷ್ಟೇ ಹುಡುಕಿಕೊಂಡು ಹೋಗಿ! ಒಂದು ಸುಳಿವು ಕೊಡುತ್ತೇನೆ: ಈ ಊರಿನಲ್ಲಿ ಯಾವುದೂ ತಾನಿರಬೇಕಾದ ಜಾಗದಲ್ಲಿಲ್ಲ. ನಾಟಕಶಾಲೆಯಲ್ಲಿ ಪುಸ್ತಕ, ಅರಮನೆಯಲ್ಲಿ ನೀರಿನ ತೊಟ್ಟಿ, ದೇವಸ್ಥಾನದಲ್ಲಿ ಆನೆ!

ಈ ಊರು ಹುಟ್ಟಿದ್ದು ಎಷ್ಟು ಸಲ ಗೊತ್ತೇ? ಎರಡು ಸಲ! 1536ರಲ್ಲಿ ಪೆದ್ರೊ ದೆ ಮೆಂದೋಸಾ ಎಂಬ ಸ್ಪೇನಿನವ ಇಲ್ಲಿ ನೆಲೆ ಹೂಡಿದ. ಹಸಿವು ಕಾಡಿತು, ಸ್ಥಳೀಯರೊಂದಿಗೆ ಕಾಳಗವಾಯಿತು. 1541ರ ಹೊತ್ತಿಗೆ ಊರೇ ಖಾಲಿ. ಸುಮಾರು 40 ವರ್ಷ ಕಳೆದು, 1580ರಲ್ಲಿ ಹ್ವಾನ್ ದೆ ಗರಾಯ್ ಎಂಬ ಇನ್ನೊಬ್ಬ ಬಂದು ಮತ್ತೆ ಮೊದಲಿನಿಂದ ಕಟ್ಟಿದ. ಈಗ ನಾವು ನೋಡುವುದು ಆ ಎರಡನೆಯ ಊರನ್ನು.

ದಡಕ್ಕೆ ಹೋಗಿ ನಿಂತರೆ ಎದುರಿಗೆ ನೀರೋ ನೀರು. ಆಚೆ ದಡ ಕಾಣುವುದೇ ಇಲ್ಲ. ಸಮುದ್ರ ಅಂದುಕೊಂಡಿರಾ? ಅದು ನದಿ! ಹೆಸರು ರಿಯೊ ದೆ ಲಾ ಪ್ಲಾಟಾ. ಇಲ್ಲಿ ಅದರ ಅಗಲ ಸುಮಾರು 50 ಕಿಲೋಮೀಟರ್. ಸಮುದ್ರ ಸೇರುವ ಕಡೆ 220 ಕಿಲೋಮೀಟರ್! ಬಣ್ಣ ಮಾತ್ರ ಕೆಂಗಂದು. ಒಳನಾಡಿನ ಮಣ್ಣನ್ನೆಲ್ಲ ಹೊತ್ತು ತರುತ್ತದಲ್ಲ! ಆಚೆ ದಡ ಬೇರೆಯೇ ದೇಶ, ಉರುಗ್ವೆ. ದೊಡ್ಡ ದೋಣಿ ಹತ್ತಿದರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಕೊಲೋನಿಯಾ ಎಂಬ ಹಳೆಯ ಪುಟ್ಟ ಊರು. ನದಿ ದಾಟಲು ಪಾಸ್‌ಪೋರ್ಟ್ ಬೇಕು, ಮರೆಯಬೇಡಿ!

ನಡು ಮಧ್ಯಾಹ್ನ ನಿಮ್ಮ ನೆರಳು ನೋಡಿಕೊಳ್ಳಿ. ಅದು ಬಿದ್ದಿರುವುದು ದಕ್ಷಿಣಕ್ಕೆ! ಇಲ್ಲಿ ಸೂರ್ಯ ಯಾವಾಗಲೂ ಉತ್ತರದ ಕಡೆಯಿಂದಲೇ ಸಾಗುತ್ತಾನೆ. ರಾತ್ರಿ ಚಂದ್ರನನ್ನೂ ನೋಡಿ. ನಮ್ಮ ಚಂದ್ರನೊಳಗಿನ ಮೊಲ ಇಲ್ಲಿ ತಲೆಕೆಳಗು! ಡಿಸೆಂಬರ್ ಬಂತೆಂದರೆ ಬೆವರು ಸುರಿಯುವ ಬೇಸಿಗೆ, ಜುಲೈಯಲ್ಲಿ ನಡುಗುವ ಚಳಿ. ಗಡಿಯಾರ ನಮಗಿಂತ ಎಂಟೂವರೆ ಗಂಟೆ ಹಿಂದೆ. ಮನೆಗೆ ಫೋನ್ ಮಾಡುವ ಮುನ್ನ ಲೆಕ್ಕ ಹಾಕಿ!

ಈಗ ಊರಿನ ನಡುಮಧ್ಯಕ್ಕೆ ಬನ್ನಿ. 9 ದೆ ಹುಲಿಯೊ ರಸ್ತೆಯ ಅಗಲ ಎಷ್ಟು ಊಹಿಸಿ. ಸುಮಾರು 140 ಮೀಟರ್! ಜಗತ್ತಿನ ಅತಿ ಅಗಲದ ರಸ್ತೆಗಳಲ್ಲಿ ಒಂದು. ಒಂದು ಸಿಗ್ನಲ್ ಹಸಿರಾದಾಗ ಹೊರಟರೆ ಆಚೆ ಬದಿ ತಲುಪುವಷ್ಟರಲ್ಲಿ ಮತ್ತೆ ಕೆಂಪು. ನಡುವೆ ನಿಂತು ಕಾಯುವುದೇ ಇಲ್ಲಿನ ರೂಢಿ.

ಈ ರಸ್ತೆಗಾಗಿ ಸಾಲು ಸಾಲು ಕಟ್ಟಡಗಳನ್ನು ಉರುಳಿಸಿದರು. ಫ್ರಾನ್ಸಿನ ರಾಯಭಾರ ಕಚೇರಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಸುತ್ತಲಿನ ಮನೆಗಳು ಹೋದವು, ಅದೊಂದು ಉಳಿಯಿತು. ಇಂದಿಗೂ ಅಲ್ಲೇ ಠೀವಿಯಿಂದ ನಿಂತಿದೆ!

ಅದೇ ರಸ್ತೆಯ ನಡುವೆ ಬೆಳ್ಳನೆಯ ಚೂಪು ಕಂಬವೊಂದಿದೆ. ಒಬೆಲಿಸ್ಕ್. ಎತ್ತರ 67.5 ಮೀಟರ್. ಕಟ್ಟಲು ತಗುಲಿದ ಕಾಲ? 31 ದಿನ! 1936ರಲ್ಲಿ, ಊರಿನ ಮೊದಲ ಹುಟ್ಟಿಗೆ 400 ವರ್ಷ ತುಂಬಿದ ನೆನಪಿಗೆ ಎಬ್ಬಿಸಿದ್ದು. ಒಳಗೆ ಟೊಳ್ಳು. 206 ಮೆಟ್ಟಿಲ ನೇರ ಏಣಿ, ತುದಿಯಲ್ಲಿ ನಾಲ್ಕು ಪುಟ್ಟ ಕಿಟಕಿ. ತಮಾಷೆ ಏನೆಂದರೆ ಊರಿನವರಿಗೆ ಆಗ ಅದು ಒಂಚೂರೂ ಹಿಡಿಸಲಿಲ್ಲ. ಹೊದಿಸಿದ್ದ ಕಲ್ಲಿನ ಹಾಸು ಬೇರೆ ಕಳಚಿ ಬಿತ್ತು. 1939ರಲ್ಲಿ ನಗರಸಭೆ ಸಭೆ ಸೇರಿ ಕೆಡವಿಬಿಡೋಣ ಎಂದು ಮತವನ್ನೇ ಹಾಕಿತು! ಮೇಯರ್ ಒಪ್ಪಲಿಲ್ಲ, ಕಂಬ ಉಳಿಯಿತು. ಈಗ? ಫುಟ್‌ಬಾಲ್‌ನಲ್ಲಿ ಗೆದ್ದರೆ ಊರಿಗೆ ಊರೇ ಬಂದು ಕುಣಿಯುವುದು ಇದರ ಬುಡದಲ್ಲೇ. 2022ರ ಡಿಸೆಂಬರ್‌ನಲ್ಲಿ ವಿಶ್ವಕಪ್ ಗೆದ್ದು ಬಂದ ಮೆಸ್ಸಿ ಬಳಗದ ಬಸ್ಸು ಜನಸಾಗರದಲ್ಲಿ ಸಿಕ್ಕಿಕೊಂಡಿತು. ಲಕ್ಷ ಲಕ್ಷ ಜನ! ಕೊನೆಗೆ ಆಟಗಾರರನ್ನು ಹೆಲಿಕಾಪ್ಟರ್‌ಗೆ ಹತ್ತಿಸಬೇಕಾಯಿತು!

ಇಲ್ಲಿನ ಸುರಂಗ ಮೆಟ್ರೊ ಹತ್ತದೆ ಬರಬೇಡಿ. 1913ರಲ್ಲೇ ಶುರುವಾಯಿತು! ದಕ್ಷಿಣ ಗೋಳಾರ್ಧದಲ್ಲೇ ಮೊದಲನೆಯದು. ಸ್ಪೇನಿನ ಮ್ಯಾಡ್ರಿಡ್‌ಗೂ ಅದು ಬಂದದ್ದು ಆರು ವರ್ಷ ಆದಮೇಲೆ. ಬೆಲ್ಜಿಯಂನಿಂದ ತಂದ ಮರದ ಬೋಗಿಗಳು ಎಷ್ಟು ಕಾಲ ಓಡಿದವು ಗೊತ್ತೇ? 2013ರ ಜನವರಿಯವರೆಗೆ! ಹೆಚ್ಚುಕಡಿಮೆ ನೂರು ವರ್ಷ. ಪ್ರಯಾಣಿಕರೇ ಕೈಯಿಂದ ಬಾಗಿಲು ತೆರೆಯುತ್ತಿದ್ದರು.

ಆ ಮೆಟ್ರೊದಲ್ಲಿ ಇನ್ನೊಂದು ಗಮನಿಸಿ. ರಸ್ತೆಯ ಮೇಲೆ ಕಾರುಗಳೆಲ್ಲ ಬಲಬದಿಯಲ್ಲಿ ಓಡುತ್ತವೆ, ನೆಲದಡಿಯ ರೈಲುಗಳು ನಮ್ಮಂತೆ ಎಡಬದಿಯಲ್ಲಿ! 1945ರವರೆಗೆ ಅರ್ಜೆಂಟೀನಾದಲ್ಲಿ ಎಲ್ಲರೂ ಎಡಕ್ಕೇ ಓಡಿಸುತ್ತಿದ್ದರು. ಆಮೇಲೆ ರಸ್ತೆ ಬಲಕ್ಕೆ ಹೊರಳಿತು. ಮೆಟ್ರೊ ಹೊರಳಲಿಲ್ಲ.

ಬಸ್ಸು ಹುಟ್ಟಿದ ಕತೆಯೂ ಮಜವಾಗಿದೆ. 1928ರಲ್ಲಿ ಗಿರಾಕಿಯಿಲ್ಲದೆ ಸೊರಗಿದ್ದ ಕೆಲವು ಟ್ಯಾಕ್ಸಿ ಚಾಲಕರು ಒಂದು ಉಪಾಯ ಹೂಡಿದರು. ಒಂದೇ ದಾರಿ, ಒಂದೇ ಟ್ಯಾಕ್ಸಿ, ಹಲವು ಜನ, ಕಡಿಮೆ ದುಡ್ಡು. ಅದೇ ಬೆಳೆದು ಇಂದಿನ ನಗರ ಬಸ್ಸಾಯಿತು! ನಮ್ಮಲ್ಲಿ ಶೇರ್ ಆಟೊ ಹತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೆಟ್ರೊದಿಂದ ಪ್ಲಾಸಾ ದೆ ಮಾಯೊ ಚೌಕದಲ್ಲಿ ಇಳಿಯಿರಿ. ಎದುರಿಗಿರುವುದು ಅಧ್ಯಕ್ಷರ ಕಚೇರಿ, ಕಾಸಾ ರೊಸಾದಾ. ಇಡೀ ಕಟ್ಟಡ ಗುಲಾಬಿ ಬಣ್ಣ! ಹಿಂದಿನ ಕಾಲದಲ್ಲಿ ಸುಣ್ಣಕ್ಕೆ ದನದ ರಕ್ತ ಬೆರೆಸಿ ಬಳಿದಿದ್ದರು ಎಂಬುದು ಊರಿನವರು ಹೇಳುವ ಕತೆ. ನೋಡಲು ಎಷ್ಟು ಸೌಮ್ಯ, ಕತೆ ಎಷ್ಟು ಭಯಂಕರ!

ಚೌಕದ ಬದಿಯಲ್ಲೇ ಹನ್ನೆರಡು ಕಂಬಗಳ ಗ್ರೀಕ್ ಗುಡಿಯಂಥ ಕಟ್ಟಡ. ಗೋಪುರವಿಲ್ಲ. ಇದೇ ಊರಿನ ದೊಡ್ಡ ಚರ್ಚು! ಪೋಪ್ ಫ್ರಾನ್ಸಿಸ್ ರೋಮಿಗೆ ಹೋಗುವ ಮುನ್ನ ಆರ್ಚ್‌ಬಿಷಪ್ ಆಗಿದ್ದುದು ಇಲ್ಲೇ. ಒಳಗೆ ಸ್ವಾತಂತ್ರ್ಯದ ಸೇನಾನಿ ಸಾನ್ ಮಾರ್ಟಿನ್ ಅವರ ಸಮಾಧಿ, ಅದಕ್ಕೆ ಸೈನಿಕರ ಕಾವಲು.

ಚೌಕದ ನೆಲದ ಮೇಲೆ ಬಿಳಿ ಶಿರವಸ್ತ್ರಗಳ ಚಿತ್ರ ಬಿಡಿಸಿದೆ. ತುಳಿಯುವ ಮುನ್ನ ಕೇಳಿ. 1977ರಲ್ಲಿ ಸೇನಾ ಸರ್ಕಾರ ಹೊತ್ತೊಯ್ದ ಮಕ್ಕಳನ್ನು ಕೇಳಿಕೊಂಡು ತಾಯಂದಿರು ಇಲ್ಲಿ ಬಂದು ನಿಂತರು. ಗುಂಪಾಗಿ ನಿಲ್ಲಬಾರದು, ನಡೆಯುತ್ತಿರಿ ಎಂದು ಪೊಲೀಸರು ಗದರಿದರು. ಸರಿ, ನಡೆದರು. ನಡುವಿನ ಸ್ತಂಭದ ಸುತ್ತ, ಸುತ್ತು ಸುತ್ತು. ಆ ನಡಿಗೆ ಪ್ರತಿ ಗುರುವಾರ ಮಧ್ಯಾಹ್ನ ಇಂದಿಗೂ ನಡೆಯುತ್ತಿದೆ! ಮೊದಲು ಮುಂದೆ ನಿಂತ ಅಸುಸೆನಾ ವಿಯಾಫ್ಲೋರ್ ಎಂಬ ತಾಯಿಯನ್ನೇ ಅದೇ ವರ್ಷ ಅಪಹರಿಸಿ ಕೊಂದರು. ಅವರ ಚಿತಾಭಸ್ಮವನ್ನು 2005ರಲ್ಲಿ ಇದೇ ಚೌಕದಲ್ಲಿ ಇರಿಸಿದರು.

ಚೌಕದಿಂದ ಹೊರಡುವ ಅವೆನಿದಾ ದೆ ಮಾಯೊ ರಸ್ತೆಯಲ್ಲಿ 1858ರಿಂದ ಕಾಫಿ ಮಾರುತ್ತಿರುವ ಕೆಫೆ ತೊರ್ತೊನಿ ಇದೆ. ಹೊರಗೆ ಸದಾ ಸರತಿ ಸಾಲು. ನನ್ನನ್ನು ಕೇಳಿದರೆ, ಸಾಲು ಉದ್ದವಿದ್ದರೆ ನಿಲ್ಲಬೇಡಿ. ಅದೇ ರಸ್ತೆಯಲ್ಲಿ ಮುಂದೆ ನರಕವಿದೆ, ಅಲ್ಲಿಗೆ ನಡೆಯಿರಿ!

ಹೌದು, ನರಕ! ಪಲಾಸಿಯೊ ಬರೋಲೊ ಎಂಬ ಕಟ್ಟಡವನ್ನು ಇಟಲಿಯ ಕವಿ ದಾಂಟೆಯ ಮಹಾಕಾವ್ಯದಂತೆಯೇ ಕಟ್ಟಿದ್ದಾರೆ. ಕೆಳಗೆ ನರಕ, ನಡುವಿನ 14 ಮಹಡಿ ಪಾಪ ಕಳೆಯುವ ಲೋಕ, ಮೇಲೆ ಸ್ವರ್ಗ. ಕಾವ್ಯದಲ್ಲಿ 100 ಸರ್ಗ, ಕಟ್ಟಡದ ಎತ್ತರ 100 ಮೀಟರ್! ತುತ್ತತುದಿಯಲ್ಲಿ ದೀಪಸ್ತಂಭ. 1923ರಲ್ಲಿ ಮುಗಿದಾಗ ದಕ್ಷಿಣ ಅಮೆರಿಕದಲ್ಲೇ ಅತಿ ಎತ್ತರದ ಕಟ್ಟಡ ಇದು. ದುಡ್ಡು ಹಾಕಿದ ಬಟ್ಟೆ ವ್ಯಾಪಾರಿ ಲೂಯಿಸ್ ಬರೋಲೊ ಮಾತ್ರ ಅದನ್ನು ನೋಡಲು ಉಳಿಯಲಿಲ್ಲ. ಈಗ ಒಳಗೆ ಏನಿದೆ ಗೊತ್ತೇ? ಆಫೀಸುಗಳು! ಬೆಳಿಗ್ಗೆ ಲಿಫ್ಟ್ ಹತ್ತಿ ಸ್ವರ್ಗದಲ್ಲಿ ಫೈಲು ನೋಡುವವರಿದ್ದಾರೆ.

ಇನ್ನು ಆ ಅರಮನೆ. ಕೊರ್ದೊಬಾ ರಸ್ತೆಯ ಮೇಲೆ, ಒಂದು ಬೀದಿಯನ್ನೇ ನುಂಗಿದಂತೆ ನಿಂತಿದೆ. ಹೊಳೆಯುವ ಹೆಂಚಿನ ಅಲಂಕಾರ, ಬಳ್ಳಿ, ಹೂವು, ಲಾಂಛನ. ಮೂರು ಲಕ್ಷ ಮಣ್ಣಿನ ತುಂಡುಗಳನ್ನು ಮೆರುಗು ಹಾಕಿಸಿ ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದ್ದಾರೆ! ಒಳಗೆ ಯಾವ ರಾಜ? ಯಾವ ರಾಣಿ? ಯಾರೂ ಇಲ್ಲ. ಹನ್ನೆರಡು ಕಬ್ಬಿಣದ ತೊಟ್ಟಿ! 1894ರಲ್ಲಿ ತೆರೆದ ಈ ‘ಅರಮನೆ’ ಊರಿಗೆ ಕುಡಿಯುವ ನೀರು ಕೂಡಿಡುವ ಓವರ್‌ಹೆಡ್ ಟ್ಯಾಂಕು. 7 ಕೋಟಿ 20 ಲಕ್ಷ ಲೀಟರ್ ಹಿಡಿಸುತ್ತಿತ್ತು.

ಅಷ್ಟಕ್ಕೇ ಬೆರಗಾಗಬೇಡಿ. ಈಗ ಒಳಗೊಂದು ವಸ್ತುಸಂಗ್ರಹಾಲಯವಿದೆ. ಏನನ್ನು ಸಂಗ್ರಹಿಸಿದ್ದಾರೆ? ಕಮೋಡುಗಳನ್ನು! ಸಾಲು ಸಾಲು ಹಳೆಯ ಕಮೋಡು, ನಲ್ಲಿ, ಕೊಳಾಯಿ. ಹಿಂದೆ ಯಾವ ಕಂಪನಿ ಇಂಥ ಸರಕನ್ನು ಮಾರಬೇಕಾದರೂ ಒಂದು ಮಾದರಿಯನ್ನು ನೀರು ಇಲಾಖೆಗೆ ಒಪ್ಪಿಸಿ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು. ಬಂದ ಮಾದರಿಗಳೆಲ್ಲ ಉಳಿದುಕೊಂಡವು. ಮೂರು ದಿನದಲ್ಲಿ ಒಂದೇ ಮ್ಯೂಸಿಯಂ ನೋಡುವಷ್ಟು ಪುರುಸೊತ್ತಿದ್ದರೆ ನಾನಂತೂ ಇದಕ್ಕೇ ಓಟು ಹಾಕುವೆ!

ಅಲ್ಲಿಂದ ನಡೆದೇ ಹೋಗಬಹುದಾದ ಸಾಂತಾ ಫೆ ರಸ್ತೆಯಲ್ಲಿ ಎಲ್ ಅತೆನೆಯೊ ಗ್ರ್ಯಾಂಡ್ ಸ್ಪ್ಲೆಂಡಿಡ್. 1919ರಲ್ಲಿ ನಾಟಕಶಾಲೆ, ಆಮೇಲೆ ಸಿನಿಮಾ ಮಂದಿರ, 2000ದಿಂದ ಪುಸ್ತಕದ ಅಂಗಡಿ! ಬಾಲ್ಕನಿ ಹಾಗೇ ಇದೆ, ಚಾವಣಿಯ ಚಿತ್ರ ಹಾಗೇ ಇದೆ, ಕೆಂಪು ಪರದೆಯೂ ಇದೆ. ಕುರ್ಚಿಗಳ ಜಾಗದಲ್ಲಿ ಮಾತ್ರ ಕಪಾಟುಗಳು. ಜಗತ್ತಿನ ಅತಿ ಸುಂದರ ಪುಸ್ತಕದಂಗಡಿ ಎಂದು ನ್ಯಾಷನಲ್ ಜಿಯಾಗ್ರಫಿಕ್ 2019ರಲ್ಲಿ ಕರೆಯಿತು. ಕಾಫಿ ಎಲ್ಲಿ ಕೊಡುತ್ತಾರೆ ಹೇಳಿ? ರಂಗಮಂಚದ ಮೇಲೆ! ಕಾಫಿ ಕುಡಿಯುವ ನೀವೇ ಅಂದಿನ ನಟರು.

ಪುಸ್ತಕ ಕೊಂಡು ಹೆಸರು ಬರೆಯಲು ಬಾಲ್‌ಪೆನ್ ತೆಗೆದಿರಾ? ಅದೂ ಈ ಊರಿನದೇ! ಹಂಗೇರಿಯಿಂದ ಯುದ್ಧಕಾಲದಲ್ಲಿ ಇಲ್ಲಿಗೆ ಬಂದ ಲಾಸ್ಲೊ ಬೀರೊ 1943ರಲ್ಲಿ ಇಲ್ಲೇ ಅದರ ಪೇಟೆಂಟ್ ಪಡೆದರು. ಅವರ ಹುಟ್ಟುಹಬ್ಬ ಸೆಪ್ಟೆಂಬರ್ 29 ಅರ್ಜೆಂಟೀನಾದಲ್ಲಿ ಸಂಶೋಧಕರ ದಿನ.

ತೆಯಾತ್ರೊ ಕೊಲೊನ್ ಎಂಬ ಸಂಗೀತ ನಾಟಕಶಾಲೆ ಮಾತ್ರ ತಾನಿರಬೇಕಾದಂತೆಯೇ ಇದೆ. ಆದರೆ ಕಟ್ಟಿದವರ ಪಾಡು ಕೇಳಿ! ಮೊದಲ ವಾಸ್ತುಶಿಲ್ಪಿ ತಂಬುರಿನಿ ಕೆಲಸ ಮೇಲೇಳುವ ಮೊದಲೇ ತೀರಿಕೊಂಡರು. ಎರಡನೆಯವರು ಮೆಯಾನೊ 1904ರಲ್ಲಿ ಕೊಲೆಯಾದರು. ಇಬ್ಬರಿಗೂ ಆಗ 44 ವರ್ಷ! ಮೂರನೆಯವರು ದೊರ್ಮಾಲ್ ಹೇಗೋ ಮುಗಿಸಿದರು. 1908ರ ಮೇ 25ರಂದು ಪರದೆ ಎದ್ದಾಗ ಕೆಲಸ ಶುರುವಾಗಿ ಹತ್ತಿರ ಹತ್ತಿರ 20 ವರ್ಷ.

ಒಳಗಿನ ಸೋಜಿಗ ಬೇರೆಯೇ ಇದೆ. ನೆಲಮಟ್ಟದಲ್ಲಿ ಕಬ್ಬಿಣದ ಜಾಲರಿ ಹೊದಿಸಿದ ಕತ್ತಲೆ ಗೂಡುಗಳಿವೆ. ಯಾರಿಗೆ? ವಿಧವೆಯರಿಗೆ! ಸೂತಕದಲ್ಲಿದ್ದವರು ಸಂಗೀತ ಕೇಳಲು ಬಂದರೆ ಊರು ಆಡಿಕೊಳ್ಳುತ್ತಿತ್ತು. ಹಾಗಂತ ಆಸೆ ಬಿಡುತ್ತದೆಯೇ? ಜಾಲರಿಯ ಹಿಂದೆ ಕೂತು ಯಾರಿಗೂ ಕಾಣದೆ ಕೇಳಿಕೊಂಡು ಹೋಗುತ್ತಿದ್ದರು. ತಲೆಯೆತ್ತಿ ಗುಮ್ಮಟ ನೋಡಿ. ಅದರೊಳಗೂ ಅಡಗುತಾಣವಿದೆ! ಹಾಡುಗಾರರು ಅಲ್ಲಿ ನಿಂತು ಹಾಡಿದರೆ ದನಿ ಆಕಾಶದಿಂದಲೇ ಇಳಿದಂತೆ. ಟಿಕೆಟ್ ದುಬಾರಿಯೆನಿಸಿದರೆ ಹಗಲು ಹೊತ್ತಿನ ಮಾರ್ಗದರ್ಶಿ ಸುತ್ತಾಟ ಸಾಕು.

ಈಗ ಸ್ಮಶಾನಕ್ಕೆ ಹೋಗೋಣ. ಮುಖ ಸಿಂಡರಿಸಬೇಡಿ! ರೆಕೊಲೆಟಾ ಸ್ಮಶಾನಕ್ಕೆ ಪ್ರವಾಸಿಗಳು ಟಿಕೆಟ್ ಕೊಂಡು ಹೋಗುತ್ತಾರೆ. 1822ರಲ್ಲಿ ತೆರೆದದ್ದು. ಇಲ್ಲಿ ಗುಂಡಿ ತೋಡಿದ ಗೋರಿಗಳಲ್ಲ, ಮನೆಗಳು! ಅಮೃತಶಿಲೆಯ ಬಾಗಿಲು, ಕಿಟಕಿ ಗಾಜು, ಮೆಟ್ಟಿಲು. ಅಂಥವು 4,600ಕ್ಕೂ ಹೆಚ್ಚು. ನಡುವೆ ಬೀದಿ, ಅಡ್ಡಬೀದಿ. ದಾರಿ ತಪ್ಪುವುದು ಖಂಡಿತ.

ಎಲ್ಲರೂ ಹುಡುಕುವುದು ಎವಿಟಾಳನ್ನು. ಬಡವರ ಕಣ್ಮಣಿ, ಅಧ್ಯಕ್ಷ ಪೆರೋನರ ಮಡದಿ ಎವಾ ಪೆರೋನ್. 1952ರಲ್ಲಿ, 33ನೇ ವಯಸ್ಸಿಗೇ ತೀರಿಕೊಂಡಳು. ದೇಹವನ್ನು ಕೆಡದಂತೆ ಸಂರಕ್ಷಿಸಿದರು. 1955ರಲ್ಲಿ ಸೇನೆ ಪೆರೋನರನ್ನು ಓಡಿಸಿತು, ದೇಹವೂ ಮಾಯ! ಊರೊಳಗೇ ಅಲ್ಲಿ ಇಲ್ಲಿ ಬಚ್ಚಿಟ್ಟು, ಕೊನೆಗೆ ಗುಟ್ಟಾಗಿ ಇಟಲಿಗೆ ಸಾಗಿಸಿ, ಮಿಲಾನಿನಲ್ಲಿ ಮರಿಯಾ ಮಾಜಿ ಎಂಬ ಸುಳ್ಳು ಹೆಸರಿನಲ್ಲಿ ಹೂತರು. 1971ರಲ್ಲಿ ಹೊರತೆಗೆದು ಮ್ಯಾಡ್ರಿಡ್‌ನಲ್ಲಿದ್ದ ಪೆರೋನರ ಮನೆಗೇ ತಂದುಕೊಟ್ಟರು! 1974ರಲ್ಲಿ ತಾಯ್ನಾಡಿಗೆ, 1976ರಲ್ಲಿ ಈ ಸ್ಮಶಾನಕ್ಕೆ. ಸತ್ತ ಮೇಲೆ ಇಷ್ಟು ಅಲೆದಾಟ ಇನ್ನಾರಿಗಾದರೂ ಉಂಟೇ? ಮತ್ತೆ ಯಾರೂ ಕದಿಯದಂತೆ ಈಗ ನೆಲದಾಳದಲ್ಲಿ ಭದ್ರ. ಹುಡುಕುವಾಗ ಪೆರೋನ್ ಎಂದು ಹುಡುಕಿದರೆ ಸಿಗುವುದಿಲ್ಲ. ತವರಿನ ಹೆಸರು ದುವಾರ್ತೆ ಎಂದಿರುವ ಕರಿಕಲ್ಲಿನ ಮನೆ ನೋಡಿ.

ಅದಕ್ಕಿಂತ ನನಗೆ ಇಷ್ಟವಾದದ್ದು ಬೆನ್ನು ತಿರುಗಿಸಿದ ಹೆಂಡತಿ! ಸಾಲ್ವದೋರ್ ದೆಲ್ ಕರ್ರಿಲ್ ಒಂದು ಕಾಲದ ಉಪಾಧ್ಯಕ್ಷ, ಭಾರೀ ಸಿರಿವಂತ. ಹೆಂಡತಿ ತಿಬುರ್ಸಿಯಾ ಕೈಬಿಚ್ಚಿ ಖರ್ಚು ಮಾಡುತ್ತಾಳೆಂದು ಸಿಟ್ಟಾಗಿ, ‘ಇವಳ ಸಾಲ ನಾನು ತೀರಿಸುವುದಿಲ್ಲ’ ಎಂಬರ್ಥದ ಪ್ರಕಟಣೆಯನ್ನು ಪತ್ರಿಕೆಗಳಲ್ಲಿ ಹಾಕಿಸಿದ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು. ಸಾಯುವ ತನಕ ಇಲ್ಲ! ಅವನು ಮೊದಲು ತೀರಿಕೊಂಡ. ಸಮಾಧಿಯ ಮೇಲೆ ಅವನು ಕುರ್ಚಿಯಲ್ಲಿ ಗತ್ತಿನಿಂದ ಕೂತಿದ್ದಾನೆ. ಅವಳು ತನ್ನ ಪ್ರತಿಮೆಯನ್ನು ಅವನ ಬೆನ್ನಿಗೆ ಬೆನ್ನು ಮಾಡಿ ಇಡಿಸಿಕೊಂಡಳು. ನೂರು ವರ್ಷ ದಾಟಿತು, ಜಗಳ ಇನ್ನೂ ಮುಗಿದಿಲ್ಲ!

ಇದೇ ಸ್ಮಶಾನದಲ್ಲಿ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತ ಹುಡುಗಿಯ ಪ್ರತಿಮೆಯಿದೆ. ರುಫಿನಾ ಕಂಬಾಸೆರೆಸ್. 1902ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ ತೀರಿಕೊಂಡವಳು. ಜೀವವಿರುವಾಗಲೇ ಹೂತರು, ಒಳಗೆ ಎಚ್ಚರವಾಯಿತು ಎಂಬ ಕತೆ ಊರೆಲ್ಲ ಹಬ್ಬಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಸಂಜೆ ಹೊತ್ತು ಹೋದರೆ ನಂಬುವಿರಿ!

ಇನ್ನೊಂದು ಪ್ರತಿಮೆ ಕಸಪೊರಕೆ, ಬೀಗದಕೈ ಗೊಂಚಲು ಜೊತೆಗಿಟ್ಟುಕೊಂಡಿದೆ. ಅದು ಇಲ್ಲಿನ ಕಾವಲುಗಾರ ದವಿದ್ ಅಲೆನೊ ಅವರದು. ಶ್ರೀಮಂತರ ಗೋರಿಗಳನ್ನು ಗುಡಿಸಿ ಕೂಡಿಟ್ಟ ದುಡ್ಡಿನಲ್ಲಿ ಇಟಲಿಯಲ್ಲಿ ತಮ್ಮದೇ ಪ್ರತಿಮೆ ಕೆತ್ತಿಸಿ, ಅವರ ನಡುವೆಯೇ ಜಾಗ ಹಿಡಿದರು. ಭಲೇ!

ಸ್ಮಶಾನದಿಂದ ಹೊರಬಂದು ನಡೆದರೆ ಲೋಹದ ಹೂವು. ಫ್ಲೊರಾಲಿಸ್ ಜೆನೆರಿಕಾ. ತೂಕ 18 ಟನ್! ಬೆಳಗಾದರೆ ಅರಳುವುದು, ಸಂಜೆಗೆ ಮುಚ್ಚುವುದು, ಹಾಗೆಂದೇ 2002ರಲ್ಲಿ ವಾಸ್ತುಶಿಲ್ಪಿ ಎದ್ವಾರ್ದೊ ಕತಲಾನೊ ಊರಿಗೆ ಉಡುಗೊರೆ ಕೊಟ್ಟದ್ದು. ಆದರೆ ಯಂತ್ರದ ಹೂವಿಗೂ ಗಾಳಿ ಕಾಟ ತಪ್ಪಿಲ್ಲ. 2023ರ ಡಿಸೆಂಬರ್ ಬಿರುಗಾಳಿಗೆ ದಳವೊಂದು ಕಿತ್ತುಬಂತು! ಹೋಗುವ ಮುನ್ನ ಹೂವಿನ ಆರೋಗ್ಯ ವಿಚಾರಿಸಿಕೊಳ್ಳಿ.

ಹತ್ತಿರದಲ್ಲೇ ರಾಷ್ಟ್ರೀಯ ಗ್ರಂಥಾಲಯ. ದಪ್ಪ ಕಾಂಕ್ರೀಟ್ ಕಾಲುಗಳ ಮೇಲೆ ನಿಂತ ವಿಚಿತ್ರ ಪ್ರಾಣಿಯ ಹಾಗಿದೆ. ಪುಸ್ತಕಗಳೆಲ್ಲ ನೆಲದಡಿ, ಓದುವವರು ಮೇಲೆ! 1961ರಲ್ಲಿ ವಿನ್ಯಾಸ ಮಾಡಿದ್ದನ್ನು 1992ರಲ್ಲಿ ತೆರೆದರು. ಎವಿಟಾ ಕೊನೆಯುಸಿರೆಳೆದ ಅಧ್ಯಕ್ಷರ ನಿವಾಸ ಇದ್ದದ್ದು ಇದೇ ಜಾಗದಲ್ಲಿ. ಅದನ್ನು ಕೆಡವಿಹಾಕಿ, ಅಲ್ಲಿ ಇದನ್ನು ಕಟ್ಟಿದರು.

ಈ ಗ್ರಂಥಾಲಯದ ನಿಜವಾದ ಸೋಜಿಗ ಕಟ್ಟಡವಲ್ಲ. ಕಥೆಗಾರ ಹೋರ್ಹೆ ಲೂಯಿಸ್ ಬೋರ್ಹೆಸ್ 1955ರಲ್ಲಿ ಇದರ ನಿರ್ದೇಶಕರಾದರು. ಲಕ್ಷಾಂತರ ಪುಸ್ತಕ ಕೈಗೆ ಬಂತು, ಓದುವ ಕಣ್ಣು ಆ ಹೊತ್ತಿಗೆ ಹೋಗಿತ್ತು! ಕೇಳಿ, ಇಷ್ಟೇ ಅಲ್ಲ. ಅವರಿಗಿಂತ ಮುಂಚೆ ಪೌಲ್ ಗ್ರುಸಾಕ್ ಎಂಬ ನಿರ್ದೇಶಕರಿಗೂ ಕಣ್ಣು ಹೋಗಿತ್ತು. ಅವರಿಗೂ ಮುಂಚೆ ಹೋಸೆ ಮಾರ್ಮೊಲ್ ಅವರಿಗೂ! ಒಂದು ಗ್ರಂಥಾಲಯ, ಮೂವರು ಅಂಧ ನಿರ್ದೇಶಕರು. ಬೋರ್ಹೆಸ್ ಕಾಲದ ಹಳೆಯ ಕಟ್ಟಡ ಸಾನ್ ತೆಲ್ಮೊ ಕಡೆ ಮೆಕ್ಸಿಕೊ ಬೀದಿಯಲ್ಲಿದೆ. ಅದನ್ನು ಮೊದಲು ಯಾವುದಕ್ಕೆಂದು ಕಟ್ಟಿದ್ದರು ಗೊತ್ತೇ? ಲಾಟರಿ ಕಚೇರಿಗೆ!

ಆನೆಯ ದೇವಸ್ಥಾನ ಮರೆತೇಬಿಟ್ಟೆ ಅಂದುಕೊಂಡಿರಾ? ಪಾಲೆರ್ಮೊ ಬಡಾವಣೆಯ ಹಳೆಯ ಮೃಗಾಲಯದಲ್ಲಿದೆ. ಪ್ರಾಣಿ ಯಾವ ದೇಶದ್ದೋ ಆ ದೇಶದ ಶೈಲಿಯಲ್ಲೇ ಮನೆ ಕಟ್ಟಬೇಕೆಂಬ ಹುಚ್ಚು ಆಗಿನವರಿಗೆ. ಆನೆಗೆ ಸಿಕ್ಕಿತು ಹಿಂದೂ ದೇಗುಲ! 1904ರ ಕಟ್ಟಡ, ಇಂದಿಗೂ ನಿಂತಿದೆ. ದೇವರ ಗುಡಿಯಲ್ಲಿ ಆನೆ ಕಟ್ಟುವುದು ನಮಗೆ ಹೊಸದಲ್ಲ, ಆದರೆ ಗುಡಿಯೇ ಆನೆಯ ಕೊಟ್ಟಿಗೆ ಆದದ್ದು ಇಲ್ಲೇ ಇರಬೇಕು. 2016ರಲ್ಲಿ ಮೃಗಾಲಯ ಮುಚ್ಚಿ ಪರಿಸರ ಉದ್ಯಾನವಾಯಿತು. ಮಾರಾ ಎಂಬ ಏಷ್ಯಾದ ಆನೆ 2020ರ ಮೇ ತಿಂಗಳಲ್ಲಿ, ಜಗತ್ತೆಲ್ಲ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತಿದ್ದಾಗ, ಲಾರಿ ಹತ್ತಿ ಬ್ರೆಜಿಲ್‌ನ ಆನೆ ಆಶ್ರಯಧಾಮಕ್ಕೆ ಹೊರಟಿತು. ಗಡಿ ದಾಟಲು ಅನುಮತಿ ಸಿಕ್ಕಿದ್ದು ಆನೆಗೆ!

ನವೆಂಬರ್‌ನಲ್ಲಿ ಹೋದರೆ ರಸ್ತೆಗಳೆಲ್ಲ ನೇರಳೆ. ಜಕರಂಡ! ಬೆಂಗಳೂರಿನ ಬೀದಿಗಳಲ್ಲಿ ಬೇಸಿಗೆ ಹತ್ತಿರವಾದಾಗ ನೇರಳೆ ಹೂ ಸುರಿಸುವ ಮರವೇ ಇದು. ನಮ್ಮದೆಂದುಕೊಂಡಿದ್ದೆವು, ಅಲ್ಲವೇ? ತವರು ದಕ್ಷಿಣ ಅಮೆರಿಕ! ಬ್ಯೂನಸ್ ಐರಿಸ್‌ನ ಬೀದಿಗಳಿಗೆ ಮರ ಹಚ್ಚಿಸಿದವರು ಫ್ರಾನ್ಸಿನಿಂದ ಬಂದ ಕಾರ್ಲೊಸ್ ತಾಯ್ಸ್. ಬೆಂಗಳೂರಿಗೆ ಹೂಮರಗಳ ಸಾಲು ಹಾಕಿಸಿದವರು ಜರ್ಮನಿಯಿಂದ ಬಂದ ಕ್ರುಂಬಿಗಲ್. ಎರಡೂ ಊರಿಗೆ ಬಣ್ಣ ತಂದವರು ಹೊರಗಿನವರು!

ಹೊಟ್ಟೆಯ ವಿಷಯ. ಅರ್ಜೆಂಟೀನಾ ಎಂದರೆ ಬರೀ ಮಾಂಸ ಎಂದು ಹೆದರಿದ್ದೀರಾ? ಕೊರಿಯೆಂತೆಸ್ ರಸ್ತೆಯ ಪಿಜ್ಜಾ ಅಂಗಡಿಗೆ ನುಗ್ಗಿ. ಪಿಜ್ಜಾ ತುಂಡಿನ ಮೇಲೆ ಇನ್ನೊಂದು ರೊಟ್ಟಿ ಹೊದಿಸಿ ತಿನ್ನುತ್ತಾರೆ. ಆ ರೊಟ್ಟಿಯ ಹೆಸರು ಫೈನಾ. ಯಾವ ಹಿಟ್ಟು? ಕಡಲೆ ಹಿಟ್ಟು! ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಬಾರಿಸಬಹುದು. ಹಾಲು ಸಕ್ಕರೆ ಕುದಿಸಿ ಕುದಿಸಿ ಗಟ್ಟಿ ಮಾಡಿದ ದುಲ್ಸೆ ದೆ ಲೆಚೆ ಎಲ್ಲ ಸಿಹಿಯಲ್ಲೂ ಇರುತ್ತದೆ. ತಳ ಹಿಡಿಯುವ ಮುನ್ನ ಇಳಿಸಿದ ಬಾಸುಂದಿಯ ರುಚಿ! ರಾತ್ರಿ ಊಟ ಒಂಬತ್ತು ಹತ್ತಕ್ಕೆ. ಏಳು ಗಂಟೆಗೇ ಹೋದರೆ ಹೋಟೆಲಿನಲ್ಲಿ ನೀವೊಬ್ಬರೇ! ಟ್ಯಾಂಗೊ ಕುಣಿತದ ಮನೆಗಳು ರಂಗೇರುವುದಂತೂ ನಡುರಾತ್ರಿಗೆ.

ಮೂರು ದಿನದಲ್ಲಿ ಒಂದು ಭಾನುವಾರ ಬರುವಂತೆ ನೋಡಿಕೊಳ್ಳಿ. ಸಾನ್ ತೆಲ್ಮೊ ಬಡಾವಣೆಯ ಸಂತೆ ಭಾನುವಾರವೇ. 1970ರಿಂದ ನಡೆದುಬಂದಿದೆ. ಹಳೆಯ ಸೋಡಾ ಬಾಟಲಿ, ಬಾಗಿಲ ಹಿಡಿ, ಗ್ರಾಮಫೋನ್. ಇದು ಹಿಂದೆ ಸಿರಿವಂತರ ಕೇರಿ. 1871ರಲ್ಲಿ ಹಳದಿ ಜ್ವರ ಬಂದು ಸಾವಿರಾರು ಜನ ಸತ್ತರು. ಸಿರಿವಂತರು ಮನೆ ಬಿಟ್ಟು ಉತ್ತರಕ್ಕೆ ಓಡಿದರು. ದೊಡ್ಡ ಮನೆಗಳಿಗೆ ಬಡ ವಲಸಿಗರು ಬಂದು, ಕೋಣೆಗೊಂದು ಸಂಸಾರ ಹೂಡಿದರು!

ಇಲ್ಲೇ ಒಂದು ಮನೆಯಿದೆ. ಅಗಲ ಸುಮಾರು ಎರಡೂವರೆ ಮೀಟರ್! ಒಂದು ಬಾಗಿಲು, ಮೇಲೊಂದು ಬಾಲ್ಕನಿ, ಮುಗಿಯಿತು. ಊರಿನ ಅತಿ ಕಿರಿದಾದ ಮನೆ ಇದೇ. ಎರಡು ಹೆಜ್ಜೆ ಮುಂದೆ ಬೆಂಚಿನ ಮೇಲೆ ಒಬ್ಬಳು ಪುಟ್ಟ ಹುಡುಗಿ. ಕಾರ್ಟೂನಿನ ಮಾಫಾಲ್ದಾ! ಅವಳನ್ನು ಬರೆದ ಕೀನೊ ವಾಸವಾಗಿದ್ದ ಮನೆಯ ಹತ್ತಿರವೇ 2009ರಲ್ಲಿ ಅವಳನ್ನು ಕೂರಿಸಿದರು. ಜೊತೆಗೆ ಫೋಟೊ ಬೇಕೆಂದರೆ ಸಾಲು ನಿಲ್ಲಬೇಕು.

ಲಾ ಬೋಕಾಗೆ ಹಗಲಲ್ಲೇ ಹೋಗಿ, ಪ್ರವಾಸಿಗಳಿರುವ ಬೀದಿ ಬಿಟ್ಟು ಒಳಗೆ ನುಸುಳಬೇಡಿ. ಕಮಿನಿತೊ ಬೀದಿಯ ತಗಡಿನ ಮನೆಗಳು ಒಂದೊಂದು ಗೋಡೆ ಒಂದೊಂದು ಬಣ್ಣ. ಯಾಕೆ? ಬಂದರಿನ ಕೂಲಿಗಳು ಹಡಗಿಗೆ ಬಳಿದು ಉಳಿದ ಬಣ್ಣವನ್ನು ಮನೆಗೆ ಬಳಿಯುತ್ತಿದ್ದರು. ಒಂದು ಡಬ್ಬ ಒಂದು ಗೋಡೆಗೆ ಸಾಲದಿದ್ದರೆ? ಇನ್ನೊಂದು ಬಣ್ಣ! ಪಾಳುಬಿದ್ದ ರೈಲು ಹಳಿಯ ದಾರಿಯನ್ನು ಬಣ್ಣದ ಬೀದಿಯಾಗಿಸಿದ್ದು ಚಿತ್ರಕಾರ ಬೆನಿತೊ ಕಿಂಕೆಲಾ ಮಾರ್ಟಿನ್. ಅನಾಥಾಲಯದಲ್ಲಿ ಬೆಳೆದು, ಇದ್ದಿಲು ಮಾರುವವರ ಮನೆಗೆ ದತ್ತು ಹೋದ ಹುಡುಗ. ಬಣ್ಣದ ಹುಚ್ಚು ಎಷ್ಟೆಂದರೆ ತಮ್ಮ ಶವಪೆಟ್ಟಿಗೆಗೂ ಬದುಕಿದ್ದಾಗಲೇ ಬಣ್ಣ ಬಳಿದಿಟ್ಟಿದ್ದರು!

ಹತ್ತಿರದ ಬೊಂಬೊನೆರಾ ಕ್ರೀಡಾಂಗಣ ಬೋಕಾ ಹೂನಿಯರ್ಸ್ ತಂಡದ್ದು. ತಂಡಕ್ಕೆ ಯಾವ ಬಣ್ಣ ಎಂಬ ಚರ್ಚೆ ಬಂದಾಗ, ಬಂದರಿಗೆ ಮುಂದೆ ಬರುವ ಹಡಗಿನ ಬಾವುಟದ ಬಣ್ಣವೇ ನಮ್ಮದು ಎಂದು ತೀರ್ಮಾನಿಸಿದರಂತೆ. ಬಂತು ಸ್ವೀಡನ್ನಿನ ಹಡಗು. ಅಂದಿನಿಂದ ನೀಲಿ, ಹಳದಿ! ಎದುರಾಳಿ ರಿವರ್ ಪ್ಲೇಟ್ ತಂಡದ್ದು ಕೆಂಪು, ಬಿಳಿ. ಅದಕ್ಕೇ ಈ ಕ್ರೀಡಾಂಗಣದಲ್ಲಿ ಕೋಕಾ ಕೋಲಾ ಜಾಹೀರಾತು ಕೂಡ ಕೆಂಪು ಬಿಟ್ಟು ಕಪ್ಪು ಬಿಳುಪಿನಲ್ಲಿ ಕಾಣಿಸಿಕೊಂಡಿತು. ಜಗತ್ತಿಗೆಲ್ಲ ಕೆಂಪು ಮಾರುವ ಕಂಪನಿ ಇಲ್ಲಿ ಬಾಲ ಮುದುರಿತು!

ಊರಿನ ದುಬಾರಿ ಬಡಾವಣೆ ಪ್ವೆರ್ತೊ ಮದೇರೊ. 1890ರ ದಶಕದಲ್ಲಿ ಭಾರೀ ಖರ್ಚಿನಲ್ಲಿ ಕಟ್ಟಿದ ಬಂದರು. ಕಟ್ಟಿ ಮುಗಿಸುವಷ್ಟರಲ್ಲಿ ಹಡಗುಗಳು ದೊಡ್ಡದಾದವು, ಕೆಲವೇ ವರ್ಷಗಳಲ್ಲಿ ಬಂದರು ಕೆಲಸಕ್ಕೆ ಬಾರದಾಯಿತು! ಈಗ ಗೋದಾಮುಗಳಲ್ಲಿ ಹೋಟೆಲು. ಇಲ್ಲಿನ ಬೀದಿಗಳ ಫಲಕ ಓದುತ್ತ ಹೋಗಿ. ಹೆಚ್ಚುಕಡಿಮೆ ಎಲ್ಲವೂ ಹೆಂಗಸರ ಹೆಸರು!

ಅದರಾಚೆ ನದಿದಡದಲ್ಲಿ ಕಾಡು. ಸುಮಾರು 350 ಹೆಕ್ಟೇರ್, ಮುನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿ. ಬೆಳೆಸಿದವರು ಯಾರು? ಯಾರೂ ಅಲ್ಲ! 1970ರ ದಶಕದ ಕೊನೆಯಲ್ಲಿ ಹೆದ್ದಾರಿಗಾಗಿ ಕೆಡವಿದ ಮನೆಗಳ ಇಟ್ಟಿಗೆ ಚೂರನ್ನೆಲ್ಲ ತಂದು ನದಿಗೆ ಸುರಿದರು. ಯೋಜನೆ ಅರ್ಧಕ್ಕೆ ನಿಂತಿತು. ನದಿ ಮೆಕ್ಕಲು ತಂದಿತು, ಬೀಜ ತಂದಿತು, ಹಕ್ಕಿಗಳು ಬಂದವು. 1986ರಲ್ಲಿ ಸರ್ಕಾರ ಕಣ್ಣುಬಿಟ್ಟು ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. ಕಾಲುಹಾದಿಯ ಕೊನೆಗೆ ದಡದಲ್ಲಿ ನೋಡಿ, ನೀರಿಗೆ ಸವೆದು ಗುಂಡಗಾದ ಇಟ್ಟಿಗೆ ಇನ್ನೂ ಸಿಗುತ್ತದೆ!

ಫ್ಲೋರಿದಾ ಬೀದಿಯ ಗಲೆರಿಯಾ ಗ್ವೆಮೆಸ್ ಕಟ್ಟಡದಲ್ಲಿ 1929ರಿಂದ ಒಬ್ಬ ಫ್ರೆಂಚ್ ವಿಮಾನ ಚಾಲಕ ಬಾಡಿಗೆಗಿದ್ದ. ಟಪಾಲು ವಿಮಾನ ಹಾರಿಸುವ ಕೆಲಸ. ಸ್ನಾನದ ತೊಟ್ಟಿಯಲ್ಲಿ ಸೀಲ್ ಮರಿ ಸಾಕಿದ್ದ ಎನ್ನುತ್ತಾರೆ! ಯಾರವನು? ‘ದಿ ಲಿಟಲ್ ಪ್ರಿನ್ಸ್’ ಬರೆದ ಸೇಂಟ್ ಎಕ್ಸುಪೆರಿ.

ಚಕರಿತಾ ಸ್ಮಶಾನಕ್ಕೆ ಪುರುಸೊತ್ತಾದರೆ ಮಾತ್ರ ಹೋಗಿ. ಟ್ಯಾಂಗೊ ಹಾಡುಗಳ ದೊರೆ ಕಾರ್ಲೊಸ್ ಗಾರ್ದೆಲ್ 1935ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಕಂಚಿನ ಪ್ರತಿಮೆಯ ಬೆರಳ ನಡುವೆ ಅಭಿಮಾನಿಗಳು ಇಂದಿಗೂ ಹಚ್ಚಿದ ಸಿಗರೇಟು ಸಿಕ್ಕಿಸಿ ಹೋಗುತ್ತಾರೆ!

ಅರ್ಧ ದಿನ ಉಳಿಯಿತೇ? ರೆತಿರೊ ನಿಲ್ದಾಣದಿಂದ ರೈಲು ಹತ್ತಿ ತಿಗ್ರೆಗೆ ಹೋಗಿ, ಸುಮಾರು ಒಂದು ಗಂಟೆ. ಅಲ್ಲಿ ರಸ್ತೆಯೇ ಇಲ್ಲದ ದ್ವೀಪಗಳು. ಬಸ್ಸೂ ದೋಣಿ, ದಿನಸಿ ಅಂಗಡಿಯೂ ದೋಣಿ! ಒಂದು ದ್ವೀಪದಲ್ಲಿ ಮಾಜಿ ಅಧ್ಯಕ್ಷ ಸರ್ಮಿಯೆಂತೊ ಅವರ ಮರದ ಮನೆಯನ್ನು ಇಡಿಯಾಗಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಮನೆಗೊಂದು ಮನೆ!

ತಿಗ್ರೆಗೆ ಹೋಗುವ ದಾರಿಯಲ್ಲೇ ಸಾನ್ ಇಸಿದ್ರೊ. ಇಲ್ಲಿ ಎರಡು ತಿಂಗಳು ತಂಗಿದ್ದ ಭಾರತೀಯ ಯಾರು ಗೊತ್ತೇ? ರವೀಂದ್ರನಾಥ ಠಾಕೂರರು! 1924ರ ನವೆಂಬರ್‌ನಲ್ಲಿ ಪೆರುವಿಗೆ ಹೊರಟಿದ್ದವರು ದಾರಿಯಲ್ಲಿ ಜ್ವರ ಹಿಡಿದು ಬ್ಯೂನಸ್ ಐರಿಸ್‌ನಲ್ಲೇ ಇಳಿದರು. ಅವರ ಕೃತಿಗಳನ್ನು ಓದಿ ಮರುಳಾಗಿದ್ದ ಲೇಖಕಿ ವಿಕ್ಟೋರಿಯಾ ಒಕಾಂಪೊ ನದಿ ಕಾಣುವ ಮನೆಯೊಂದನ್ನು ಹಿಡಿದು ಅವರನ್ನು ಇರಿಸಿಕೊಂಡರು. ಬಾಡಿಗೆಗೆ ದುಡ್ಡು? ತಮ್ಮ ವಜ್ರದ ಕಿರೀಟವನ್ನೇ ಮಾರಿದರು! ಗುರುದೇವರು ‘ಪೂರಬಿ’ ಸಂಕಲನವನ್ನು ಆಕೆಗೆ ಅರ್ಪಿಸಿದರು, ವಿಜಯಾ ಎಂಬ ಹೆಸರಿಟ್ಟು. ಒಕಾಂಪೊ ಅವರ ಸ್ವಂತ ಬಂಗಲೆ ವಿಲ್ಲಾ ಒಕಾಂಪೊ ಅಲ್ಲೇ ಹತ್ತಿರ, ಈಗ ಯುನೆಸ್ಕೊ ವಶದಲ್ಲಿದೆ, ಹೋಗಿ ನೋಡಬಹುದು.

ಆ ಮನೆಯಲ್ಲಿ ಗುರುದೇವರು ಇಷ್ಟಪಟ್ಟು ಕೂರುತ್ತಿದ್ದ ಒಂದು ಆರಾಮ ಕುರ್ಚಿಯಿತ್ತು. ಹೊರಡುವಾಗ ಒಕಾಂಪೊ ಅದನ್ನೂ ಹಡಗಿಗೆ ಏರಿಸಿದರು. ಕ್ಯಾಬಿನ್ ಬಾಗಿಲಲ್ಲಿ ಕುರ್ಚಿ ಹಿಡಿಸಲಿಲ್ಲ. ಆಕೆ ಬಿಡುತ್ತಾರೆಯೇ? ಕ್ಯಾಪ್ಟನ್ ಜೊತೆ ವಾದಿಸಿ, ಬಾಗಿಲನ್ನೇ ಕೀಳಿಸಿ ಒಳಗೆ ಇಡಿಸಿದರು! ಆ ಕುರ್ಚಿ ಸಮುದ್ರಗಳನ್ನು ದಾಟಿ ಶಾಂತಿನಿಕೇತನಕ್ಕೆ ಬಂದೇ ಬಂತು!